ಎಲ್.ಎಲ್.ಎಂ. ವೇಟಿಂಗ್ ರೂಮಲ್ಲ

ಮನೆಯಲ್ಲಿ ಎಲ್.ಎಲ್.ಬಿ. ಮುಗಿಸಿದ ಮಗನೋ ಮಗಳೋ ಇದ್ದರೆ ಬೇಸಿಗೆ ಬಂತೆಂದರೆ ಒಂದೇ ಪ್ರಶ್ನೆ: “ಯಾವ ಎಲ್.ಎಲ್.ಎಂ. ಛಲೋ ಅದರಿ?” ಸಂಘದ ಕಾರ್ಯಕ್ರಮದಲ್ಲಿ, ಲಗ್ನದ ಪಂಕ್ತಿಯಲ್ಲಿ, ಸೋಲಾಪುರದ ಕಡೆಗೆ ಹೋಗುವ ರೈಲಿನಲ್ಲಿ ಎಲ್ಲಿ ನಾಲ್ಕು ಜನ ನಮ್ಮವರು ಕೂಡಿದರೂ ಈ ಮಾತು ಬರುತ್ತದೆ. ಕೇಳುವವರು ಹೆಚ್ಚಾಗಿ ತಂದೆ-ತಾಯಿ. ಓದಬೇಕಾದವರು ಪಕ್ಕದಲ್ಲಿ ಮೊಬೈಲು ನೋಡುತ್ತ ಕುಳಿತಿರುತ್ತಾರೆ! ಉತ್ತರ ಕೊಡುವವರಿಗೇನು ಕೊರತೆ? “ಒಂದು ವರ್ಷದ್ದು ಹಿಡೀರಿ, ಒಂದು ವರ್ಷ ಉಳೀತದ” ಎಂದು ಒಬ್ಬರು. “ಬೆಂಗಳೂರಿಂದು ಸಿಕ್ಕರ ನೋಡ್ರಿ, ಉಳಿದದ್ದೆಲ್ಲ ದಂಡ” ಎಂದು ಇನ್ನೊಬ್ಬರು. “ಜಡ್ಜ್ ಪರೀಕ್ಷಾ ಪಾಸಾಗೂತನಕ ಯಾವುದರೆ ಒಂದು ಮಾಡ್ಲಿ ಬಿಡ್ರಿ” ಎಂದು ಮೂರನೆಯವರು. ಮಗಳಾದರೆ ನಾಲ್ಕನೆಯ ಉತ್ತರವೂ ಇದೆ: “ಲಗ್ನ ಗೊತ್ತಾಗೂತನಕ.”

ಈ ನಾಲ್ಕೂ ಉತ್ತರಗಳ ಬಗ್ಗೆ ನಮ್ಮ ತಕರಾರಿದೆ. ನಾವು ಕಾಯಿದೆ ಪಂಡಿತರಲ್ಲ, ಬಿ.ಎಸ್ಸಿ. ಮಾಡಿ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಫೈಲು ತಿರುವುವವರು. ಆದರೆ ಫೈಲು ತಿರುವುವವನಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಸುತ್ತೋಲೆಯ ಒಂದು ಪದ ಎಷ್ಟೋ ಜನರ ಪೆನ್ಶನ್ನನ್ನು ಅತ್ತಿತ್ತ ಮಾಡಬಲ್ಲದು. ಆ ಪದ ಎಲ್ಲಿಂದ ಬಂತು, ಯಾವ ನಿಯಮದ ಮೇಲೆ ನಿಂತಿದೆ, ಅದನ್ನು ಬರೆದವರ ಮನಸ್ಸಿನಲ್ಲಿ ಏನಿತ್ತು ಎಂದು ಹುಡುಕಿ ತೆಗೆಯುವವನು ಹತ್ತು ವಾದ ಮಾಡುವವನಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತಾನೆ. ಕಾನೂನಿನ ಸಂಶೋಧನೆ ಎಂದರೆ ಆ ಹುಡುಕಾಟ. ಎಲ್.ಎಲ್.ಎಂ. ಇರುವುದು ಅದನ್ನು ಕಲಿಸುವುದಕ್ಕೆ. ವಕೀಲನಾಗಲು ಅದು ಬೇಕಿಲ್ಲ, ಎಲ್.ಎಲ್.ಬಿ. ಸಾಕು. ಕೆಳ ನ್ಯಾಯಾಲಯದ ನ್ಯಾಯಾಧೀಶರಾಗಲೂ ಬೇಕಿಲ್ಲ. ಅದು ಬೇಕಾಗುವುದು ಮುಖ್ಯವಾಗಿ ಕಾನೂನು ಕಲಿಸುವವರಿಗೆ ಮತ್ತು ಸಂಶೋಧನೆ ಮಾಡುವವರಿಗೆ. ನೂರಕ್ಕೆ 55 ಅಂಕದ ಎಲ್.ಎಲ್.ಎಂ. ಪಡೆದು, ನೆಟ್ ಅಥವಾ ಸೆಟ್ ದಾಟಿದರೆ ಕಾಲೇಜಿನಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಅರ್ಜಿ ಹಾಕಬಹುದು. ಮಹಾರಾಷ್ಟ್ರ-ಗೋವೆಗಳ ಸೆಟ್ ಪರೀಕ್ಷೆಯನ್ನು ನಡೆಸುವುದು ನಮ್ಮ ಪುಣೆ ವಿಶ್ವವಿದ್ಯಾಲಯವೇ.

ಹೀಗಿರುವಾಗ ಅದನ್ನು ವೇಟಿಂಗ್ ರೂಮು ಮಾಡಿದವರು ಯಾರು? ಕಾಲೇಜುಗಳು ಸ್ವಲ್ಪ, ನಮ್ಮ ಜನ ಬಹಳ. ಊರು ಯಾವುದೆಂದು ನಿಶ್ಚಯವಾಗದೆ ಸ್ಟೇಶನ್ನಿಗೆ ಬಂದು ಬೆಂಚಿನ ಮೇಲೆ ಕೂಡುವುದು. ಯಾವ ಗಾಡಿ ಮೊದಲು ಬರುವುದೋ ಅದನ್ನು ಹತ್ತುವುದು. ಜಡ್ಜ್ ಪರೀಕ್ಷೆಯ ಆಸೆಯಿಂದ ಹೀಗೆ ಕುಳಿತವರಿಗೆ 2025ರ ಮೇ 20ರಂದು ಸುಪ್ರೀಂ ಕೋರ್ಟು ಸರಿಯಾದ ಪೆಟ್ಟು ಕೊಟ್ಟಿತು. ಸಿವಿಲ್ ಜಡ್ಜ್ ಹುದ್ದೆಯ ನೇಮಕಕ್ಕೆ ಮೂರು ವರ್ಷದ ವಕೀಲಿ ಅನುಭವದ ನಿಯಮವನ್ನು ಅದು ಅಂದು ಮತ್ತೆ ಜಾರಿಗೆ ತಂದಿತು. ಪರೀಕ್ಷೆಯ ಗುರಿ ಇರುವ ಹುಡುಗನ ಜಾಗ ಶಿವಾಜಿನಗರದ ಕೋರ್ಟಿನಲ್ಲಿ, ಹಿರಿಯ ವಕೀಲರ ಹಿಂದೆ ಕಾಗದದ ಗಂಟು ಹಿಡಿದು ನಿಂತಲ್ಲಿ. ಅವನನ್ನು ಒಲ್ಲದ ಮನಸ್ಸಿನಿಂದ ಎಲ್.ಎಲ್.ಎಂ. ತರಗತಿಯಲ್ಲಿ ಕೂಡಿಸಿದರೆ ಅವನಿಗೂ ನಷ್ಟ, ನಿಜವಾಗಿ ಓದಬಯಸಿದ ಇನ್ನೊಬ್ಬರ ಸೀಟಿಗೂ ನಷ್ಟ.

ಇನ್ನು ಒಂದು ವರ್ಷ, ಎರಡು ವರ್ಷದ ವ್ಯಾಜ್ಯ. ಮೊದಲು ನಮ್ಮ ದೇಶದಲ್ಲಿ ಎಲ್.ಎಲ್.ಎಂ. ಎಂದರೆ ಎರಡು ವರ್ಷ. 2012ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ಒಂದು ವರ್ಷದ ಎಲ್.ಎಲ್.ಎಂ.ಗೆ ಮಾರ್ಗಸೂಚಿ ಮಾಡಿತು. ಇಂಗ್ಲೆಂಡ್, ಅಮೆರಿಕಗಳಲ್ಲಿ ಅದು ಒಂದೇ ವರ್ಷದ್ದು, ನಮ್ಮಲ್ಲೇಕೆ ಎರಡು ಎಂಬ ಮಾತಿತ್ತು. ಭಾರತೀಯ ವಕೀಲರ ಪರಿಷತ್ತು 2021ರ ಆರಂಭದಲ್ಲಿ ಪ್ರಕಟಿಸಿದ ನಿಯಮಗಳಿಂದ ಇದನ್ನು ರದ್ದು ಮಾಡಲು ಹೊರಟಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಆ ವರ್ಷ ಜಾರಿ ಮಾಡುವುದಿಲ್ಲವೆಂದು ಪರಿಷತ್ತು ಒಪ್ಪಿಕೊಂಡಿತು. ನಮ್ಮ ಪಾಲಕರು ಕಾಲೇಜಿನ ಬಣ್ಣದ ಪುಸ್ತಿಕೆ ಓದುತ್ತಾರೆ, ಈ ಮಾರ್ಗಸೂಚಿಯ ಲೆಕ್ಕ ಓದುವುದಿಲ್ಲ. ಓದಿದರೆ ಕಣ್ಣು ತೆರೆಯುತ್ತದೆ. ಒಟ್ಟು 24 ಕ್ರೆಡಿಟ್ಟು. ಕಡ್ಡಾಯದ ಮೂರು ವಿಷಯಗಳಿಗೆ ಮೂರು-ಮೂರರಂತೆ 9. ಐಚ್ಛಿಕ ಆರು ವಿಷಯಗಳಿಗೆ ಎರಡೆರಡರಂತೆ 12. ಇಪ್ಪತ್ನಾಲ್ಕರಲ್ಲಿ ಇಪ್ಪತ್ತೊಂದು ಹೋದರೆ ಸಂಶೋಧನಾ ಪ್ರಬಂಧಕ್ಕೆ ಉಳಿದದ್ದೆಷ್ಟು? ಮೂರು. ರೂಪಾಯಿಯಲ್ಲಿ ಎರಡಾಣೆ! ಸಂಶೋಧನೆಗಾಗಿ ಇರುವ ಪದವಿಯಲ್ಲಿ ಸಂಶೋಧನೆಗೆ ಎರಡಾಣೆ.

ಹಾಗೆಂದು ಒಂದು ವರ್ಷದ್ದು ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ. ನಾಲ್ಕಾರು ವರ್ಷ ಕೋರ್ಟಿನಲ್ಲಿ ಕೆಲಸ ಮಾಡಿ, ಒಂದು ಪ್ರಶ್ನೆ ಮನಸ್ಸನ್ನು ಕೊರೆಯುತ್ತಿದೆ ಎಂದು ಬರುವವರಿಗೆ ಒಂದು ವರ್ಷ ಸಾಕು. ಅವರು ಅರ್ಧ ಸಂಶೋಧನೆ ಮುಗಿಸಿಕೊಂಡೇ ಬಂದಿರುತ್ತಾರೆ. ಇಪ್ಪತ್ಮೂರನೆಯ ವಯಸ್ಸಿಗೆ ಎಲ್.ಎಲ್.ಬಿ. ಬೆನ್ನಲ್ಲೇ ಸೇರುವ ಮಗುವಿಗೆ ಪ್ರಶ್ನೆ ಹುಟ್ಟುವುದಕ್ಕೇ ಎಂಟು ತಿಂಗಳು ಬೇಕು. ಒಂದು ವರ್ಷದ ಕೋರ್ಸಿನಲ್ಲಿ ಪ್ರಶ್ನೆ ಹುಟ್ಟುವ ಹೊತ್ತಿಗೆ ಪ್ರಬಂಧ ಒಪ್ಪಿಸುವ ದಿನ ಬಂದಿರುತ್ತದೆ. ಆಗ ಏನಾಗುತ್ತದೆಂಬುದನ್ನು ತಿಳಿಯಲು ಝೆರಾಕ್ಸ್ ಅಂಗಡಿಯಲ್ಲಿ ಒಂದು ತಾಸು ನಿಂತರೆ ಸಾಕು. ಹಳೆಯ ಪ್ರಬಂಧದ ಹೆಸರು ಬದಲಿಸಿ ಬೈಂಡಿಂಗ್ ಮಾಡಿಸುವವರನ್ನು ನಾವು ಕಣ್ಣಾರೆ ಕಂಡಿದ್ದೇವೆ. 2018ರ ಅನುದಾನ ಆಯೋಗದ ನಿಯಮದಂತೆ ನಕಲಿನ ಪ್ರಮಾಣ ಶೇಕಡಾ 10 ದಾಟಿದರೆ ತಿದ್ದಿ ಮತ್ತೆ ಒಪ್ಪಿಸಬೇಕು. 40 ದಾಟಿದರೆ ಒಂದು ವರ್ಷ ತಡೆ. 60 ದಾಟಿದರೆ ನೋಂದಣಿಯೇ ರದ್ದು. ಉಳಿಸಿದ ಒಂದು ವರ್ಷ ಹೀಗೆ ಕೈಬಿಟ್ಟು ಹೋದರೆ ಯಾರನ್ನು ಕೇಳುವುದು?

ಬೆಂಗಳೂರಿನ ಮೋಹದ ಮಾತಿಗೆ ಬರೋಣ. ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯ ಯೋಗ್ಯತೆಯನ್ನು ಯಾರೂ ಅಲ್ಲಗಳೆಯುವುದಿಲ್ಲ. 1986ರ ಕರ್ನಾಟಕದ ಕಾಯಿದೆಯಿಂದ ಹುಟ್ಟಿ, ಮಾಧವ ಮೆನನ್‌ರಂಥವರ ಕೈಯಲ್ಲಿ ಬೆಳೆದ ಸಂಸ್ಥೆ. ದೇಶದ ಉಳಿದ ಕಾನೂನು ವಿಶ್ವವಿದ್ಯಾಲಯಗಳಿಗೆ ಮಾದರಿಯಾದದ್ದು. ಅಲ್ಲಿಗೆ ಸೀಟು ಸಿಕ್ಕರೆ ಸಂತೋಷ. ಆದರೆ ಕ್ಲ್ಯಾಟ್ ಎಂಬ ಎರಡು ತಾಸಿನ, 120 ಪ್ರಶ್ನೆಗಳ ಟಿಕ್ಕು ಹಾಕುವ ಪರೀಕ್ಷೆಯಲ್ಲಿ ಹಿಂದೆ ಬಿದ್ದ ಮಗುವಿಗೆ “ಇನ್ನು ನಿನಗೆ ಎಲ್ಲೂ ಗತಿಯಿಲ್ಲ” ಎನ್ನುವಂತೆ ಮುಖ ಮಾಡುತ್ತಾರಲ್ಲ, ಅದು ನಮಗೆ ಸಹಿಸದು. ಆಮೇಲೆ ಹೆಸರಿನ ಸಮಾಧಾನಕ್ಕಾಗಿ, ಫೀ ಲಕ್ಷಗಳಲ್ಲಿ ಎಣಿಸುವ ಯಾವುದೋ ಖಾಸಗಿ ವಿಶ್ವವಿದ್ಯಾಲಯಕ್ಕೆ ಪಿ.ಎಫ್. ಮುರಿದು ಕಟ್ಟುವುದು! ಹವಾನಿಯಂತ್ರಿತ ಕೋಣೆ, ಗಾಜಿನ ಗೋಡೆ. ಗೈಡು ಯಾರು ಎಂದು ಕೇಳಿದರೆ “ನಂತರ ತಿಳಿಸಲಾಗುವುದು.” ವಧುವನ್ನು ನೋಡುವ ಮೊದಲೇ ಮಂಗಲ ಕಾರ್ಯಾಲಯ ಬುಕ್ ಮಾಡಿದ ಹಾಗೆ.

ಇತ್ತ ಶಿವಾಜಿನಗರದ ಸುತ್ತ ಏನಿದೆ ಎಂಬುದನ್ನು ನಮ್ಮವರು ನೋಡಿಯೇ ಇಲ್ಲ. ಜಿಲ್ಲಾ ನ್ಯಾಯಾಲಯ ಇಲ್ಲಿ, ಕೌಟುಂಬಿಕ ನ್ಯಾಯಾಲಯ ಇಲ್ಲಿ. ನೆಲದಡಿಯ ಮೆಟ್ರೋದಿಂದ ಏರಿ ಬಂದರೆ ಎದುರಿಗೇ ಕಕ್ಷಿದಾರರ ಸಂತೆ. ಒಂದು ದಾವೆಗೆ ಎಷ್ಟು ತಾರೀಖು ಬೀಳುತ್ತವೆ, ಯಾವ ಕಾರಣಕ್ಕೆ ಬೀಳುತ್ತವೆ ಎಂದು ಒಬ್ಬ ವಿದ್ಯಾರ್ಥಿ ಆರು ತಿಂಗಳು ಕುಳಿತು ಎಣಿಸಿ ಬರೆದರೆ ಅದು ನೂರು ಪುಸ್ತಕ ನೋಡಿ ಬರೆದದ್ದಕ್ಕಿಂತ ಬೆಲೆಯುಳ್ಳ ಸಂಶೋಧನೆ. ಇಲ್ಲಿಂದ ಸ್ಕೂಟರಿನಲ್ಲಿ ಹತ್ತು-ಹದಿನೈದು ನಿಮಿಷಕ್ಕೆ ಲಾ ಕಾಲೇಜು ರಸ್ತೆ. ಅಲ್ಲಿ 1924ರಲ್ಲಿ ಸ್ಥಾಪನೆಯಾದ ಐ.ಎಲ್.ಎಸ್. ಕಾನೂನು ಕಾಲೇಜು, ಅದೇ ರಸ್ತೆಯಲ್ಲಿ 1917ರ ಭಾಂಡಾರ್ಕರ್ ಸಂಶೋಧನ ಮಂದಿರ. ಪಾಂಡುರಂಗ ವಾಮನ ಕಾಣೆಯವರ ಧರ್ಮಶಾಸ್ತ್ರದ ಇತಿಹಾಸ ಐದು ಸಂಪುಟಗಳಲ್ಲಿ 1930ರಿಂದ 1962ರವರೆಗೆ ಹೊರಬಂದದ್ದು ಇಲ್ಲಿಂದ. ಒಬ್ಬ ವಕೀಲ ಮೂವತ್ತೆರಡು ವರ್ಷ ಒಂದೇ ಕೆಲಸ ಹಿಡಿದು ಕೂತು 1963ರಲ್ಲಿ ಭಾರತರತ್ನ ಪಡೆದರು. ಫರ್ಗ್ಯುಸನ್ ಕಾಲೇಜಿನ ಆವಾರದಲ್ಲಿ ಡೆಕ್ಕನ್ ಎಜ್ಯುಕೇಶನ್ ಸೊಸೈಟಿಯ ಕಾನೂನು ಕಾಲೇಜಿದೆ. ಗಣೇಶಖಿಂಡದಲ್ಲಿ ವಿಶ್ವವಿದ್ಯಾಲಯದ ಕಾನೂನು ವಿಭಾಗವಿದೆ.

ಇನ್ನೊಂದು ಹೆಸರನ್ನು ಇಲ್ಲಿ ಹೇಳಲೇಬೇಕು. ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡಕರ. ಹೆಸರಿನಲ್ಲೇ ನಮ್ಮ ಗಜೇಂದ್ರಗಡ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಕಲಿತು, ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಎಂ.ಎ. ಮಾಡಿ, 1926ರಲ್ಲಿ ಐ.ಎಲ್.ಎಸ್. ಕಾಲೇಜಿನಿಂದ ಎಲ್.ಎಲ್.ಬಿ. ಪಡೆದವರು. 1964ರಿಂದ 1966ರವರೆಗೆ ಭಾರತದ ಮುಖ್ಯ ನ್ಯಾಯಮೂರ್ತಿ. ಆಮೇಲೆ ಕಾನೂನು ಆಯೋಗದ ಅಧ್ಯಕ್ಷರು. ಇದಿಷ್ಟು ನಮ್ಮ ಹಿರಿಯರಿಗೆ ಬಾಯಿಪಾಠ. ಆದರೆ ವಕೀಲಿಯ ಆರಂಭದ ದಿನಗಳಲ್ಲಿ ಅವರು ದತ್ತಕ ಮೀಮಾಂಸೆಯ ಶಾಸ್ತ್ರೀಯ ಆವೃತ್ತಿಯನ್ನು ಸಿದ್ಧಪಡಿಸಿದರು, ಹಿಂದೂ ಕಾಯಿದೆಯ ತ್ರೈಮಾಸಿಕವೊಂದನ್ನು ಸಂಪಾದಿಸಿದರು ಎಂಬುದನ್ನು ಯಾರೂ ಹೇಳುವುದಿಲ್ಲ. ಪೀಠವೇರುವ ಮೊದಲು ದತ್ತಕದ ಕಾಯಿದೆಯನ್ನು ಮೂಲದಲ್ಲೇ ಅಗೆದು ನೋಡಿದ್ದರು ಎಂದಾಯಿತು.

ಈಗ ನಮ್ಮ ಮುಖ್ಯ ಮಾತು. ಸಂವಿಧಾನದ ತರಗತಿಯಲ್ಲಿ ಯಾವ ಊರಿನ ವಿದ್ಯಾರ್ಥಿ ಕುಳಿತರೂ ಅವನ ಕಿವಿಗೆ ಬೀಳುವುದು ನಮ್ಮ ಹೆಸರುಗಳೇ. 1973ರ ಕೇಶವಾನಂದ ಭಾರತಿ ಪ್ರಕರಣ ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳದು. 13 ನ್ಯಾಯಮೂರ್ತಿಗಳು ಕೂತು ಏಳಕ್ಕೆ ಆರರಂತೆ ಸಂವಿಧಾನದ ಮೂಲ ಸ್ವರೂಪವನ್ನು ಕಾಯ್ದದ್ದು. 1980ರ ಮಿನರ್ವ ಮಿಲ್ಸ್ ಬೆಂಗಳೂರಿನ ಗಿರಣಿ. 1994ರ ಎಸ್.ಆರ್. ಬೊಮ್ಮಾಯಿಯವರದು ಕರ್ನಾಟಕದ ಮುಖ್ಯಮಂತ್ರಿ ಗಾದಿಯ ಕಥೆ. 2002ರ ಟಿ.ಎಂ.ಎ. ಪೈ ಪ್ರತಿಷ್ಠಾನ ಮಣಿಪಾಲದ್ದು. 2017ರ ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ದಾವೆ ನಮ್ಮದು, ಹೆಸರು ನಮ್ಮದು. ಅವುಗಳ ಮೇಲೆ ಪ್ರಬಂಧ ಬರೆದವರಲ್ಲಿ ಹೊರನಾಡ ಕನ್ನಡಿಗರ ಮಕ್ಕಳು ಎಷ್ಟು ಜನ? ಓದುಗರೇ ಬೆರಳು ಮಡಚಿ ನೋಡಲಿ.

ಆ ಮಣಿಪಾಲದ ತೀರ್ಪನ್ನೇ ತೆಗೆದುಕೊಳ್ಳಿ. ಭಾಷಾ ಅಲ್ಪಸಂಖ್ಯಾತರು ಯಾರು ಎಂಬುದನ್ನು ರಾಜ್ಯವಾರು ನೋಡಬೇಕೆಂದು 11 ನ್ಯಾಯಮೂರ್ತಿಗಳ ಪೀಠ ಹೇಳಿತು. ಹೀಗಾಗಿ ರಾತ್ರಿ ರೈಲಿನಲ್ಲಿ ಮಲಗಿದ ಕನ್ನಡಿಗ ಕರ್ನಾಟಕದ ಗಡಿ ದಾಟುವಾಗ ನಿದ್ದೆಯಲ್ಲೇ ಬಹುಸಂಖ್ಯಾತನಿಂದ ಅಲ್ಪಸಂಖ್ಯಾತನಾಗುತ್ತಾನೆ! ಸಂವಿಧಾನದ 350-ಎ ವಿಧಿ ಅವನ ಮಗುವಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆಂದು ಹೇಳುತ್ತದೆ. ಜತ್ತ, ಅಕ್ಕಲಕೋಟೆ, ಸೋಲಾಪುರಗಳ ಕನ್ನಡ ಶಾಲೆಗಳಲ್ಲಿ ಈ ವಿಧಿ ಎಷ್ಟರ ಮಟ್ಟಿಗೆ ಜೀವಂತವಾಗಿದೆ? ಮಾಸ್ತರರು ಇದ್ದಾರೆಯೆ, ಪಠ್ಯಪುಸ್ತಕ ಹೊತ್ತಿಗೆ ಸರಿಯಾಗಿ ಬರುತ್ತದೆಯೆ, ಏಳನೆಯ ಇಯತ್ತೆಯ ನಂತರ ಮಗು ಎಲ್ಲಿಗೆ ಹೋಗುತ್ತದೆ? ಹತ್ತು ಶಾಲೆಗಳಿಗೆ ಹೋಗಿ ಕೂತು ಬರೆದರೆ ಅದೇ ಒಂದು ಎಲ್.ಎಲ್.ಎಂ. ಪ್ರಬಂಧ.

2004ರ ಉಷಾ ಮೆಹತಾ ಪ್ರಕರಣದಲ್ಲಿ ಮಹಾರಾಷ್ಟ್ರದ ಅಲ್ಪಸಂಖ್ಯಾತರ ಶಾಲೆಗಳಲ್ಲಿಯೂ ಮರಾಠಿ ಕಡ್ಡಾಯ ಮಾಡಿದ್ದನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. 2014ರಲ್ಲಿ ಕರ್ನಾಟಕ ಸರ್ಕಾರ ಪ್ರಾಥಮಿಕ ಶಾಲೆಗಳ ಮೇಲೆ ತಾಯಿನುಡಿಯ ಮಾಧ್ಯಮ ಹೇರುವಂತಿಲ್ಲವೆಂದು ಅದೇ ನ್ಯಾಯಾಲಯದ ಸಂವಿಧಾನ ಪೀಠ ಹೇಳಿತು. 2020ರಲ್ಲಿ ಮಹಾರಾಷ್ಟ್ರ ಎಲ್ಲ ಶಾಲೆಗಳಿಗೂ ಮರಾಠಿ ಕಲಿಕೆಯ ಕಾಯಿದೆ ಮಾಡಿತು. “ಅವರಿಗೊಂದು ನ್ಯಾಯ, ನಮಗೊಂದು ನ್ಯಾಯ” ಎಂದು ಸಭೆಗಳಲ್ಲಿ ಮೇಜು ಗುದ್ದುವವರನ್ನು ನಾವು ಕೇಳಿದ್ದೇವೆ. ಅವರು ಎರಡರಲ್ಲಿ ಒಂದು ತೀರ್ಪನ್ನೂ ಓದಿಲ್ಲ. ಒಂದು ಪ್ರಕರಣ ಒಂದು ವಿಷಯವಾಗಿ ಕಲಿಸುವ ಭಾಷೆಯದು, ಇನ್ನೊಂದು ಬೋಧನಾ ಮಾಧ್ಯಮದ್ದು. ಈ ವ್ಯತ್ಯಾಸ ಎಲ್ಲಿಯವರೆಗೆ ನಿಲ್ಲುತ್ತದೆ, ಎಲ್ಲಿ ಕುಸಿಯುತ್ತದೆ ಎಂದು ತೂಗಿ ನೋಡುವ ಒಬ್ಬರಾದರೂ ನಮ್ಮಲ್ಲಿ ಬೇಡವೆ?

ಗಡಿಯ ದಾವೆಯೂ ಹಾಗೆಯೇ. ಮಹಾಜನ ಆಯೋಗ ನೇಮಕವಾದದ್ದು 1966ರಲ್ಲಿ, ವರದಿ ಬಂದದ್ದು 1967ರಲ್ಲಿ. ಮಹಾರಾಷ್ಟ್ರ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿದ್ದು 2004ರಲ್ಲಿ. ಎರಡು ದಶಕ ಕಳೆದರೂ ತೀರ್ಮಾನ ಕಂಡಿಲ್ಲ. 2022ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ವಿಧಾನಮಂಡಲ 865 ಹಳ್ಳಿಗಳ ಬಗ್ಗೆ ನಿರ್ಣಯ ಮಾಡಿತು. ನಾವು ಇಲ್ಲಿಯ ಅನ್ನ ಉಣ್ಣುವವರು, ಅಲ್ಲಿಯ ನುಡಿ ಆಡುವವರು. ಈ ವಿಷಯದಲ್ಲಿ ಘೋಷಣೆ ಕೂಗುವುದು ನಮಗೆ ಶೋಭಿಸುವುದಿಲ್ಲ. ಎರಡೂ ಕಡೆಯ ಕಾಗದ ಓದಿ ಹೇಳುವ ಅರ್ಹತೆ ಯಾರಿಗಾದರೂ ಇದ್ದರೆ ಅದು ಪುಣೆಯಲ್ಲಿ ಬೆಳೆದ ಕನ್ನಡದ ಮಗುವಿಗೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷು. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರದ ಜಿಲ್ಲೆಗಳು 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದವು. ನಮ್ಮ ಕುಲಕರ್ಣಿ, ದೇಶಪಾಂಡೆ, ಪಾಟೀಲ, ದೇಸಾಯಿ ಮನೆತನಗಳ ಹೆಸರುಗಳೇ ಒಂದೊಂದು ವತನದ ದಾಖಲೆ. 1874ರ ವತನ ಕಾಯಿದೆ, 1950ರ ಕುಲಕರ್ಣಿ ವತನ ರದ್ದತಿಯ ಕಾಯಿದೆ ಇವು ನಮ್ಮ ಅಜ್ಜಂದಿರ ಹೊಲದ ಬದುವನ್ನೇ ಸರಿಸಿದ ಕಾಯಿದೆಗಳು. ಅದಕ್ಕೂ ಹಿಂದಿನ ಇನಾಮು ಕಮೀಶನ್ನಿನ ಕಾಗದಗಳು ನದಿಯಾಚೆಯ ಪೇಶ್ವೆ ದಫ್ತರದಲ್ಲಿ ಮೋಡಿ ಲಿಪಿಯಲ್ಲಿ ಕೂತಿವೆ. ಇದಕ್ಕೆ ಬೆಂಗಳೂರಿಗೆ ಹೋಗಿ ಏನು ಮಾಡುತ್ತೀರಿ? ಇನ್ನು ಹದಿನೈದು-ಇಪ್ಪತ್ತು ವರ್ಷ ಕಳೆದರೆ ಕನ್ನಡ ಓದಬಲ್ಲ, ಮೋಡಿ ಕಲಿಯಬಲ್ಲ ಮಗು ನಮ್ಮ ಮನೆಗಳಲ್ಲಿ ಉಳಿದಿರುವುದೆ ಎಂಬುದೇ ಅನುಮಾನ. ಈಗಲೇ ಎಷ್ಟೋ ಮಕ್ಕಳು ಕನ್ನಡವನ್ನು ಮಾತನಾಡುತ್ತಾರೆ, ಓದಲಾರರು.

ಪ್ರಶ್ನೆ ಬೇರೆಯಾದರೆ ಊರೂ ಬೇರೆಯಾಗಲಿ. ಸುಪ್ರೀಂ ಕೋರ್ಟಿನ ಕೆಲಸದ ಬಗ್ಗೆ ಬರೆಯುವವರಿಗೆ ದಿಲ್ಲಿಯಲ್ಲಿ 1956ರ ಭಾರತೀಯ ಕಾನೂನು ಸಂಸ್ಥೆ ಇದೆ. ಕರ್ನಾಟಕದ ಭೂಸುಧಾರಣೆಯೋ, ಕೋರ್ಟಿನ ಕನ್ನಡವೋ ವಿಷಯವಾದರೆ 2009ರಲ್ಲಿ ಹುಟ್ಟಿದ ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯವನ್ನು ಏಕೆ ನೋಡಬಾರದು? ಧಾರವಾಡದ ಹೈಕೋರ್ಟ್ ಪೀಠವೂ ಪಕ್ಕದಲ್ಲೇ. ಸುಪ್ರೀಂ ಕೋರ್ಟು 2019ರಿಂದ ತನ್ನ ತೀರ್ಪುಗಳಲ್ಲಿ ಕೆಲವನ್ನು ಕನ್ನಡದಲ್ಲಿಯೂ ಕೊಡುತ್ತಿದೆ. ಆ ಕನ್ನಡ ಕಕ್ಷಿದಾರನಿಗೆ ತಿಳಿಯುತ್ತದೆಯೆ ಎಂಬುದೇ ಒಂದು ಒಳ್ಳೆಯ ವಿಷಯ.

ಆದ್ದರಿಂದ ಫಾರ್ಮು ತರಲು ಹೋಗುವ ಪಾಲಕರು ಕೌಂಟರಿನಲ್ಲಿ “ಪ್ಲೇಸ್‌ಮೆಂಟ್ ಹ್ಯಾಗದರಿ” ಎಂದು ಕೇಳುವುದನ್ನು ಬಿಡಲಿ. ಮಗುವನ್ನೇ ಒಳಗೆ ಕಳಿಸಲಿ. ಖಾಯಂ ಪ್ರಾಧ್ಯಾಪಕರು ಎಷ್ಟು, ತಾಸಿನ ಲೆಕ್ಕದ ಮೇಲೆ ಬಂದು ಹೋಗುವವರು ಎಷ್ಟು? ಒಬ್ಬ ಗೈಡಿನ ಕೈಕೆಳಗೆ ಎಷ್ಟು ವಿದ್ಯಾರ್ಥಿಗಳು? ಅವರು ತಾವೇ ಏನು ಬರೆದಿದ್ದಾರೆ? ಗ್ರಂಥಾಲಯ ಸಂಜೆ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ, 1899ರಿಂದ ಬಂದ ಬಾಂಬೆ ಲಾ ರಿಪೋರ್ಟರಿನ ಹಳೆಯ ಸಂಪುಟಗಳು ಕಪಾಟಿನಲ್ಲಿವೆಯೆ ಅಥವಾ ಗೆದ್ದಲಿಗೆ ಹೋಗಿವೆಯೆ? ಎಲ್ಲಕ್ಕಿಂತ ಮೊದಲು ಕಳೆದ ಮೂರು ವರ್ಷದ ಪ್ರಬಂಧಗಳನ್ನು ತೋರಿಸಿ ಎನ್ನಲಿ. ತೋರಿಸಿದರೆ ಒಂದನ್ನು ಕೂತು ಓದಲಿ. “ಅವೆಲ್ಲ ಸ್ಟೋರ್ ರೂಮಿನಲ್ಲಿವೆ” ಎಂಬ ಉತ್ತರ ಬಂದರೆ ಅಲ್ಲಿಂದ ಹೊರಟು ಬಿಡುವುದೇ ಲೇಸು, ಕಟ್ಟಡಕ್ಕೆ ಎಷ್ಟು ಗಾಜಿದ್ದರೂ ಸರಿ. ಸರ್ಕಾರಿ ವಿಭಾಗದ ಫೀಗೂ ಈ ಗಾಜಿನ ಮನೆಗಳ ಫೀಗೂ ಇರುವ ಅಂತರದಲ್ಲಿ ಒಂದು ಮಗು ಎರಡು ವರ್ಷ ದೇಶದ ದಫ್ತರಗಳನ್ನೆಲ್ಲ ಸುತ್ತಿ ಬರಬಹುದು.

ಸಂಘದ ಕಾರ್ಯಕಾರಿ ಮಂಡಳಿಯ ಮುಂದೆಯೂ ನಮ್ಮದೊಂದು ಬೇಡಿಕೆ. ಹತ್ತನೆಯ ತರಗತಿಯಲ್ಲಿ ಹೆಚ್ಚು ಅಂಕ ಪಡೆದವರಿಗೆ ಶಾಲು-ಫಲಕ ಕೊಡುವ ಪದ್ಧತಿ ನಡೆಯಲಿ, ಬೇಡವೆನ್ನುವುದಿಲ್ಲ. ಅದೇ ವೇದಿಕೆಯಲ್ಲಿ ಎಲ್.ಎಲ್.ಎಂ. ಓದುವ ನಮ್ಮ ಮಕ್ಕಳಿಗೆ ಅರ್ಧ ತಾಸು ಕೊಟ್ಟು, ತಮ್ಮ ಪ್ರಬಂಧದ ಪ್ರಶ್ನೆ ಏನೆಂದು ಕನ್ನಡದಲ್ಲಿ ಹೇಳಿಸಿರಿ. ಗಡಿ ಭಾಗದ ಶಾಲೆಗಳಿಗೋ ದಫ್ತರಕ್ಕೋ ಹೋಗಿ ಬರುವವರಿಗೆ ಬಸ್ಸು-ರೈಲಿನ ಖರ್ಚು ಕೊಡಿರಿ. ಒಂದು ಗಣೇಶೋತ್ಸವದ ಮಂಟಪದ ಖರ್ಚಿನ ಮುಂದೆ ಅದು ಏನೂ ಅಲ್ಲ. ಮುಗಿದ ಪ್ರಬಂಧದ ಒಂದು ಪ್ರತಿಯನ್ನು ಸಂಘದ ವಾಚನಾಲಯದಲ್ಲಿ ಇಡಲಿ. ಕಪಾಟು ಕೊಳ್ಳಲು ಹಣವಿಲ್ಲವೆಂದು ಯಾರಾದರೂ ಹೇಳುವ ಮೊದಲೇ ತಿಳಿಸುತ್ತೇವೆ, ಕಪಾಟು ನಮ್ಮ ಕಡೆಯಿಂದ.